‘ಬೇರೆಯವರ ಹೊಲದಲ್ಲಿ ಡಿಟೆಕ್ಟರ್ ಹಿಡಿದು ಓಡಾಡಲು ಬಿಡ್ತಾರಾ?’ ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಪುಣೆಯಲ್ಲಿ ನನಗೆ ಪರಿಚಯದ ಕನ್ನಡಿಗರಲ್ಲಿ ಈ ಪ್ರಶ್ನೆ ಕೇಳದವರು ಕಡಿಮೆ. ನನ್ನ ಹತ್ತಿರ ಒಂದು ಮೆಟಲ್ ಡಿಟೆಕ್ಟರ್ ಇದೆ. ಹೊಲದಲ್ಲೋ ತೋಟದಲ್ಲೋ ಕಳೆದುಹೋದ ಉಂಗುರ, ಓಲೆ, ತಾಳಿ ಹುಡುಕಿಕೊಡುತ್ತೇನೆ. ದುಡ್ಡು ತಗೊಳ್ಳಲ್ಲ, ಭಾನುವಾರ ಮಾತ್ರ ಹೋಗುತ್ತೇನೆ. ಕೇಳುವವರಲ್ಲಿ ಅರ್ಧ ಜನ ಇಂಗ್ಲೆಂಡಿನಲ್ಲಿ ಡಿಟೆಕ್ಟರ್ ಹಿಡಿದು ಹೊಲದಲ್ಲಿ ಹಳೆಯ ವಸ್ತು ಹುಡುಕುವವರ ವಿಡಿಯೋ ನೋಡಿ ತಾವೂ ಒಂದು ಮೆಷಿನ್ ತರಿಸಬೇಕು ಅಂದುಕೊಂಡವರು. "ಮಾಲೀಕರನ್ನ ಹೇಗೆ ಒಪ್ಪಿಸ್ತೀರಿ?" ಅನ್ನುತ್ತಾರೆ.

ಒಪ್ಪಿಸುವುದಿಲ್ಲ, ಕೇಳುತ್ತೇನೆ. ಅದೂ ಮೆಷಿನ್ ಇನ್ನೂ ಚೀಲದಲ್ಲಿರುವಾಗಲೇ. ಏನು ಹುಡುಕುತ್ತಿದ್ದೇನೆ, ಬೇರೇನಾದರೂ ಸಿಕ್ಕರೆ ಏನು ಮಾಡುತ್ತೇನೆ ಅನ್ನುವುದನ್ನು ಅವರು ಕೇಳುವ ಮುಂಚೆ ನಾನೇ ಹೇಳುತ್ತೇನೆ.

ಇದನ್ನು ಕಲಿಯಲು ಒಂದು ಪೆಟ್ಟು ಬೇಕಾಯಿತು. ಮೊದಲ ವರ್ಷ ಮುಳಶಿ ಕಡೆ ಒಂದು ಹೊಲಕ್ಕೆ ಹೋಗಿದ್ದೆ. ಕೆಲಸದವರು "ಹೋಗ್ರಿ, ಏನೂ ಅನ್ನಲ್ಲ" ಅಂದರು. ನಾನೂ ನಂಬಿ ಇಳಿದೆ. ಅರ್ಧ ಗಂಟೆಯಲ್ಲಿ ಮಾಲೀಕರ ತಮ್ಮ ಬಂದರು, ಹಿಂದೆಯೇ ಹತ್ತು ಜನ. "ಗುಪ್ತಧನ್ ಶೋಧಾಯ್ಲಾ ಆಲಾತ್ ಕಾ?" ನಿಧಿ ಹುಡುಕಲು ಬಂದಿದ್ದೀರಾ ಅಂತ. ಸಂಜೆಯವರೆಗೆ ಊರಿನ ಮಾರುತಿ ಗುಡಿ ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರಿಗೂ ವಿವರ ಹೇಳಬೇಕಾಯಿತು. ತಪ್ಪು ನನ್ನದೇ.

ಆ ಭಯ ಸುಮ್ನೆ ಬಂದದ್ದಲ್ಲ. ನಿಧಿಯ ಹೆಸರಿನಲ್ಲಿ ಪೂಜೆ, ಬಲಿ ಅಂತ ಈ ರಾಜ್ಯದ ಹಳ್ಳಿಗಳು ಕಂಡಿರುವುದು ಜಾಸ್ತಿ. ಮೂಢನಂಬಿಕೆ ವಿರುದ್ಧ ಹೋರಾಡುತ್ತಿದ್ದ ನರೇಂದ್ರ ದಾಭೋಲ್ಕರ್ ಅವರ ಕೊಲೆ ಪುಣೆಯಲ್ಲೇ ಆದ ಮೇಲೆ, 2013ರಲ್ಲಿ ಬಂದ ಮಹಾರಾಷ್ಟ್ರದ ಮಾಟಮಂತ್ರ ವಿರೋಧಿ ಕಾಯ್ದೆಯಲ್ಲಿ ನಿಧಿ ಹುಡುಕಲು ಮಾಡುವ ಅಮಾನುಷ ಕೆಲಸಗಳನ್ನೂ ಸೇರಿಸಿದ್ದಾರೆ. ಗುರುತಿಲ್ಲದವನೊಬ್ಬ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತಮ್ಮ ಹೊಲ ಅಗೆಯುತ್ತಿದ್ದರೆ ರೈತರಿಗೆ ಮೊದಲು ಹೊಳೆಯುವುದು ಅದೇ ಅಲ್ವಾ?

ಇನ್ನು, ಯಾರನ್ನು ಕೇಳಬೇಕು? ಅರ್ಧ ಕೆಲಸ ಇರುವುದೇ ಇಲ್ಲಿ. ನಮ್ಮ ಕಡೆ ಪಹಣಿ ಇರುವ ಹಾಗೆ ಇಲ್ಲಿ ಸಾತ್‌ಬಾರಾ, ಅಂದರೆ 7/12 ಉತಾರಾ. ತೆಗೆದು ನೋಡಿದರೆ ಎಷ್ಟೋ ಸಲ ಒಂದೇ ಗಟ್ ನಂಬರಿಗೆ, ಅಂದರೆ ನಮ್ಮ ಸರ್ವೆ ನಂಬರಿನಂಥದ್ದಕ್ಕೆ, ಐದಾರು ಹೆಸರು. ಅಣ್ಣ ಊರಲ್ಲಿ, ತಮ್ಮ ಹಡಪ್ಸರ್‌ನಲ್ಲಿ, ಅಕ್ಕ ಗಂಡನ ಮನೆಯಲ್ಲಿ. ಉಳುವವರು ಇನ್ನೊಬ್ಬರು. ಉಳುವವರನ್ನು ಕೇಳಿ ಮಾಲೀಕರನ್ನು ಬಿಟ್ಟರೂ ತಪ್ಪು, ಮಾಲೀಕರನ್ನು ಕೇಳಿ ಉಳುವವರನ್ನು ಬಿಟ್ಟರೂ ತಪ್ಪು. ಬೆಳೆ ಉಳುವವರದ್ದು. ನಾನು ಇಬ್ಬರಿಗೂ ಹೇಳುತ್ತೇನೆ, ದೂರ ಇರುವವರಿಗೆ ಅವರ ಎದುರಿಗೇ ಫೋನ್ ಮಾಡಿಸುತ್ತೇನೆ.

ಹೋದ ವರ್ಷ ಸಾಸ್ವಡ್ ದಾಟಿ ಒಂದು ಹಳ್ಳಿಯಿಂದ ಫೋನ್ ಬಂತು. ಇಂಡಿ ಕಡೆಯ ಹೆಣ್ಣುಮಗಳು, ಉಳ್ಳಾಗಡ್ಡಿ ಸಸಿ ಹಚ್ಚಲು ಬಂದವರು. "ಅಣ್ಣಾರ, ತಾಳಿ ಹರದು ಬಿದ್ದದರಿ. ಒಂದ್ ಬಟ್ಲ ಸಿಕ್ಕದ, ಇನ್ನೊಂದ್ ಇಲ್ರಿ." ಮಾಲೀಕರಿಗೆ ಹೇಳಿದ್ದೀರಾ ಅಂದೆ. ಇಲ್ಲ, ಬೈತಾರೆ ಅಂತ ಹೆದರಿಕೆ. ಮೊದಲು ಹೇಳಿ ತಂಗೀ, ನಾನೂ ಬಂದು ಹೇಳ್ತೀನಿ ಅಂದೆ.

ಹೋದಾಗ ಮಾಲೀಕರು ಪಂಪ್ ಮನೆಯ ಮುಂದೆ ಕೂತಿದ್ದರು, ಅರವತ್ತು ದಾಟಿದವರು. ಚೀಲವನ್ನು ಬೈಕಿನ ಮೇಲೇ ಬಿಟ್ಟು ಬರಿಗೈಯಲ್ಲಿ ಹೋದೆ. ಕಾಕಾ, ಈ ಹೆಣ್ಣುಮಗಳ ತಾಳಿಯ ಒಂದು ಬಟ್ಟಲು ನಿಮ್ಮ ಹೊಲದಲ್ಲಿ ಬಿದ್ದಿದೆ, ಕಡಲೆಕಾಳಿನಷ್ಟು. ನನ್ನ ಮೆಷಿನ್ ಒಂದು ಗೇಣಿಗಿಂತ ಆಳಕ್ಕೆ ಇಷ್ಟು ಚಿಕ್ಕದನ್ನು ನೋಡುವುದೇ ಇಲ್ಲ. ಸಸಿ ಎತ್ತಬೇಕಾದರೆ ಮಣ್ಣಿನ ಹೆಂಟೆ ಸಮೇತ ಎತ್ತಿ ಅಲ್ಲೇ ಕೂರಿಸುತ್ತೇನೆ. ಸಿಕ್ಕಿದ್ದೆಲ್ಲ ನಿಮ್ಮ ಕಣ್ಣೆದುರಿಗೆ ಘಮೇಲಾದಲ್ಲಿ (ಮಣ್ಣು ಹೊರುವ ಬಾಣಲಿ) ಹಾಕುತ್ತೇನೆ. ಬೇಡ ಅಂದರೆ ಈಗಲೇ ಹೋಗುತ್ತೇನೆ. ನನ್ನ ಮರಾಠಿಯಲ್ಲಿ ಇಷ್ಟು ಹೇಳಿದೆ.

ಅವರು ಕೇಳಿದ್ದು ಒಂದೇ: "ಜುನಂ ಕಾಹಿ ನಿಘಾಲಂ ತರ್?" ಹಳೆಯದು ಏನಾದರೂ ಸಿಕ್ಕರೆ?

ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಯಾರ ಹೊಲಕ್ಕೂ ಹೋಗಬಾರದು. 1878ರ ಇಂಡಿಯನ್ ಟ್ರೆಷರ್ ಟ್ರೋವ್ ಕಾಯ್ದೆ ಇದೆ. ನೆಲದಲ್ಲಿ ಹುದುಗಿದ್ದ, ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯ ವಸ್ತು ಸಿಕ್ಕರೆ ಏನು, ಎಲ್ಲಿ, ಯಾವಾಗ ಸಿಕ್ಕಿತು ಅಂತ ಜಿಲ್ಲಾಧಿಕಾರಿಗೆ ಬರೆದು ಕೊಡಬೇಕು. ಮುಚ್ಚಿಟ್ಟರೆ ಸಿಕ್ಕವನಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು, ಅವನ ಪಾಲೂ ಸರ್ಕಾರಕ್ಕೆ ಹೋಗುತ್ತದೆ. ಅದಕ್ಕೆ ಕೈ ಜೋಡಿಸಿದ ಜಮೀನಿನ ಮಾಲೀಕರಿಗೂ ಶಿಕ್ಷೆ ಇದೆ. ವಾರಸುದಾರರಿಲ್ಲ ಅಂತ ತೀರ್ಮಾನವಾದರೆ, ಮೊದಲೇ ಒಪ್ಪಂದ ಇಲ್ಲದಿದ್ದಾಗ ಮುಕ್ಕಾಲು ಪಾಲು ಸಿಕ್ಕವನಿಗೆ, ಕಾಲು ಪಾಲು ಮಾಲೀಕರಿಗೆ. ಒಪ್ಪಂದ ಇದ್ದರೆ ಅದರಂತೆ. ಸರ್ಕಾರ ಬೆಲೆ ಕೊಟ್ಟು ತಾನೇ ಇಟ್ಟುಕೊಳ್ಳಲೂಬಹುದು.

ಆ ಮುಕ್ಕಾಲು ಪಾಲು ನನಗೆ ಬೇಡ. ಒಂದು ಹಾಳೆಯಲ್ಲಿ ಮರಾಠಿಯಲ್ಲಿ ಬರೆಸಿಟ್ಟುಕೊಂಡಿದ್ದೇನೆ: ಹಳೆಯದು ಕಂಡರೆ ಅಲ್ಲಿಗೇ ಕೈ ನಿಲ್ಲಿಸುತ್ತೇನೆ, ನಾಣ್ಯ ಉಜ್ಜುವುದಿಲ್ಲ, ಇಬ್ಬರೂ ಕೂಡಿ ಸರ್ಕಾರಕ್ಕೆ ತಿಳಿಸುತ್ತೇವೆ, ನನ್ನ ಪಾಲೇನಾದರೂ ಬಂದರೆ ಅದೂ ಜಮೀನಿನವರಿಗೇ. ಇಬ್ಬರೂ ಸಹಿ ಹಾಕುತ್ತೇವೆ. ಇನ್ನು ಕೋಟೆ, ಹಳೆ ದೇವಸ್ಥಾನ, ಸ್ಮಾರಕ ಇದ್ದ ಕಡೆ ಹೊಲದವರು ಹೂಂ ಅಂದರೂ ನಾನು ಹೋಗಲ್ಲ. ನೆಲದಲ್ಲಿರುವುದನ್ನು ಕಿತ್ತರೆ ಅದು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿತ್ತು ಅನ್ನುವುದು ಮತ್ತೆ ಸಿಗಲ್ಲ. ಅದು ತಿಳಿದವರ ಕೆಲಸ.

ಇಂಗ್ಲೆಂಡಿನ ವಿಡಿಯೋ ನೋಡಿ ಬರುವವರಿಗೆ ನಾನು ಅಲ್ಲಿಯದೇ ಹಾಕ್ಸ್‌ನ್ ಎಂಬ ಹಳ್ಳಿಯ ಕಥೆ ಹೇಳುತ್ತೇನೆ. 1992ರಲ್ಲಿ ಸಫೊಕ್‌ನ ರೈತ ಪೀಟರ್ ವಾಟ್ಲಿಂಗ್ ತಮ್ಮ ಸುತ್ತಿಗೆ ಕಳೆದುಕೊಂಡರು. ಹುಡುಕಿಕೊಡು ಅಂತ ಕರೆದದ್ದು ಎರಿಕ್ ಲಾಸ್ ಎಂಬ ಗೆಳೆಯನನ್ನು. ಸಿಕ್ಕಿದ್ದು ರೋಮನ್ ಕಾಲದ ಸುಮಾರು 15,000 ನಾಣ್ಯ ಮತ್ತು ಚಿನ್ನ ಬೆಳ್ಳಿಯ ಒಡವೆ, ಪಾತ್ರೆ. ಲಾಸ್ ಪೂರ್ತಿ ಅಗೆಯಲಿಲ್ಲ, ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದರು. ಅದಕ್ಕೇ ಪುರಾತತ್ವದವರು ಪೆಟ್ಟಿಗೆಯೊಳಗೆ ಯಾವುದು ಎಲ್ಲಿತ್ತು ಅಂತ ನೋಡಲು ಆಯಿತು. ಲಾಸ್‌ಗೆ ಬಂದದ್ದು 17.5 ಲಕ್ಷ ಪೌಂಡ್. ಅದರಲ್ಲಿ ವಾಟ್ಲಿಂಗ್ ಅವರಿಗೂ ಪಾಲು ಕೊಟ್ಟರು, ಕೊಡಲೇಬೇಕೆಂದು ಕಾನೂನು ಹೇಳದಿದ್ದರೂ. ಸುತ್ತಿಗೆಯೂ ಸಿಕ್ಕಿತು, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಕಾಕಾ ಹಾಳೆಯನ್ನು ಮೊಮ್ಮಗನ ಕೈಲಿ ಎರಡು ಸಲ ಓದಿಸಿದರು. ಆಮೇಲೆ ತಾವೇ ಎದ್ದು ಬಂದರು.

ಇಲ್ಲಿಯ ಕಪ್ಪು ಮಣ್ಣು ಬಸಾಲ್ಟ್ ಕಲ್ಲಿನಿಂದ ಆದದ್ದು. ಕಬ್ಬಿಣದ ಅಂಶ ಜಾಸ್ತಿ, ಮೆಷಿನ್ ಸುಮ್ಮಸುಮ್ಮನೆ ಕೂಗುತ್ತದೆ. ಮೊದಲು ನೆಲಕ್ಕೆ ತಕ್ಕ ಹಾಗೆ ಅದನ್ನು ಹೊಂದಿಸಬೇಕು. ಚಿಕ್ಕ ಚಿನ್ನದ ತುಂಡಿಗೂ ಗುಳಿಗೆ ಪ್ಯಾಕಿನ ಬೆಳ್ಳಿ ಬಣ್ಣದ ಹಾಳೆಗೂ ಹೆಚ್ಚುಕಡಿಮೆ ಒಂದೇ ಸದ್ದು, ಹಾಗಾಗಿ ಒಂದನ್ನೂ ಬಿಡುವಂತಿಲ್ಲ. ಹಗ್ಗ ಕಟ್ಟಿ, ಸಾಲು ಸಾಲಾಗಿ, ನೆಲಕ್ಕೆ ತಾಗಿಸಿಕೊಂಡು ನಿಧಾನ ಹೋದೆ. ಘಮೇಲಾಕ್ಕೆ ಮೊದಲು ಬಿದ್ದದ್ದು ಎರಡು ಬಾಟಲಿ ಮುಚ್ಚಳ, ಗುಳಿಗೆ ಹಾಳೆ, ತಂತಿ, ನೇಗಿಲಿನ ಒಂದು ಚೂರು. ಎರಡು ಗಂಟೆಯ ಮೇಲೆ, ನಾಲ್ಕು ಬೆರಳು ಆಳದಲ್ಲಿ, ಒಂದು ಹೆಂಟೆಯ ಅಂಚಿನಲ್ಲಿ ಹಳದಿ ಕಂಡಿತು. ಆಕೆ ಬಟ್ಟಲನ್ನು ಬಾಯಲ್ಲಿಟ್ಟು ಮಣ್ಣು ತೆಗೆದು, ಕಣ್ಣಿಗೆ ಒತ್ತಿಕೊಂಡರು. ಕಾಕಾ ಎತ್ತಿದ ಸಸಿಗಳನ್ನು ಒಂದೊಂದಾಗಿ ಒತ್ತಿ ನೋಡಿದರು, ಎಲ್ಲ ಸರಿಯಾಗಿ ಕೂತಿದ್ದವು.

ಎಲ್ಲರೂ ಹೀಗೆ ಒಪ್ಪುವುದಿಲ್ಲ. ಭೋರ್ ರಸ್ತೆಯಲ್ಲಿ ಒಂದು ಹೊಲವಿದೆ. ಅಲ್ಲಿ ಒಬ್ಬ ಹುಡುಗನ ಮದುವೆ ಉಂಗುರ ಬಿದ್ದಿದೆ, ಎರಡು ಗುಂಟೆಯೊಳಗೇ ಇರಬೇಕು. ಅಣ್ಣ ಆಗಲಿ ಅಂದರು, ತಮ್ಮ ಬೇಡ ಅಂದರು. ಹುಡುಗ "ಅಣ್ಣಾ, ರಾತ್ರಿ ಹೋಗಿ ಬರೋಣ" ಅಂದ. ಬೇಡಪ್ಪಾ ಅಂದೆ. ತಮ್ಮ "ಭತ್ತ ಕೊಯ್ಲಾದ ಮೇಲೆ ಇನ್ನೊಮ್ಮೆ ಕೇಳಿ" ಅಂದಿದ್ದಾರೆ. ದೀಪಾವಳಿ ಮುಗಿದ ಮೇಲೆ ಫೋನ್ ಮಾಡುತ್ತೇನೆ.