ಪಕ್ಕದ್ಮನೆ ತಾತನ ಹದಿನೆಂಟು

ಮೆಲ್ಬರ್ನ್‌ನಲ್ಲಿ ನಮ್ಮ ಪಕ್ಕದ ಮನೇಲಿ ಒಬ್ರು ತಾತ ಇದ್ದಾರೆ, ದಿನಾ ಇಂಗ್ಲಿಷಲ್ಲೇ ಮಾತು, ಆದ್ರೆ ಏನಾದ್ರೂ ಎಣಿಸೋಕೆ ಕೂತ್ರೆ ಮಾತ್ರ ಭಾಷೆ ಬದಲಾಗ್ಬಿಡುತ್ತೆ. ಟೊಮ್ಯಾಟೊ ಸಸಿ, ಬಿಪಿ ಮಾತ್ರೆ, ಸ್ಕ್ರೂ, ಏನೇ ಇರ್ಲಿ. ಮೊದಮೊದ್ಲು ಬೇಲಿ ಆಚೆಯಿಂದ ಕೇಳಿಸ್ಕೊಂಡು ಏನೋ ಮಂತ್ರ ಹೇಳ್ತಿದ್ದಾರೆ ಅನ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು ಅದು ವೆಲ್ಷ್, ಬ್ರಿಟನ್ನಿನ ವೇಲ್ಸ್‌ನ ಭಾಷೆ.

ಅದೂ ಹಳೇ ಕಾಲದ ಲೆಕ್ಕ. ಹದಿನಾರಕ್ಕೆ ‘ಹದಿನೈದರ ಮೇಲೆ ಒಂದು’, ನಲವತ್ತಕ್ಕೆ ‘ಎರಡು ಇಪ್ಪತ್ತು’, ಹದಿನೆಂಟಕ್ಕೆ ‘ಡೈನೌ’ ಅಂತಾರೆ, ಅಂದ್ರೆ ಎರಡು ಒಂಬತ್ತು. ಮೊಮ್ಮಗಳು ಡ್ಯುಯೊಲಿಂಗೊ ಅನ್ನೋ ಆ್ಯಪಲ್ಲಿ ವೆಲ್ಷ್ ಕಲೀತಿದಾಳೆ, ಅವಳು ಹದಿನೆಂಟಕ್ಕೆ ‘ಒಂದು ಹತ್ತು ಎಂಟು’ ಅನ್ನೋ ಹೊಸ ಲೆಕ್ಕ ಹೇಳ್ತಾಳೆ. ಕ್ಯಾಲ್ಕುಲೇಟರ್ ಮಾತಾಡ್ದಂಗಿದೆ ಅಂತ ತಾತ ಗೊಣಗ್ತಾರೆ. ಆದ್ರೆ ಅವಳು ಬರೋ ಭಾನುವಾರ ಬೆಳಿಗ್ಗೆ ಎಂಟಕ್ಕೇ ಶೇವ್ ಮಾಡ್ಕೊಂಡು ಕೂತಿರ್ತಾರೆ.

ಇವರು ಇಲ್ಲಿಗೆ ಬಂದಿದ್ದು 1968ರಲ್ಲಿ. ಆಗ ಬ್ರಿಟನ್ನಿಂದ ಆಸ್ಟ್ರೇಲಿಯಾಕ್ಕೆ ಹತ್ತು ಪೌಂಡ್ ಕೊಟ್ರೆ ಸಾಕು, ಉಳಿದ ಖರ್ಚು ಸರ್ಕಾರದ್ದು, ಎರಡು ವರ್ಷ ಇರ್ಲೇಬೇಕು, ಮುಂಚೇನೇ ವಾಪಸ್ ಹೋದ್ರೆ ದುಡ್ಡು ಕಟ್ಬೇಕು. ಹಂಗೆ ಬಂದವ್ರನ್ನೆಲ್ಲ ‘ಹತ್ತು ಪೌಂಡ್ ಪಾಮ್’ ಅಂತಿದ್ರು. ಪಾಮ್ ಅಂದ್ರೆ ಇಲ್ಲಿಯವ್ರು ಇಂಗ್ಲಿಷರನ್ನ ರೇಗಿಸೋ ಹೆಸ್ರು. ನಾನು ಇಂಗ್ಲಿಷನಲ್ಲ ಮಾರಾಯ ಅಂತ ಐವತ್ತು ವರ್ಷದಿಂದ ಹೇಳ್ತಾನೇ ಇದ್ದಾರೆ, ಕೇಳೋರಿಲ್ಲ. ವೇಲ್ಸ್‌ನ ಬ್ಯಾರಿಯಲ್ಲಿ ಹುಟ್ಟಿದ ಜೂಲಿಯಾ ಗಿಲಾರ್ಡ್ 2010ರಲ್ಲಿ ಇಲ್ಲಿ ಪ್ರಧಾನಿ ಆದಾಗ ಖುಷಿ ಆಯ್ತಾ ಅಂತ ಕೇಳ್ದೆ. “ಅವರು ದಕ್ಷಿಣದವರು” ಅಂದ್ರು, ಅಷ್ಟೇ. (ತಾತ ಉತ್ತರ ವೇಲ್ಸ್‌ನವರು. ಉತ್ತರದವರು ‘ಈಗ’ ಅನ್ನೋಕೆ ‘ರೂಆನ್’ ಅಂತಾರೆ, ದಕ್ಷಿಣದವರು ‘ನೌರ್’, ವೆಲ್ಷಲ್ಲಿ ಬರೆದ್ರೆ ಒಂದು ಇನ್ನೊಂದನ್ನ ಉಲ್ಟಾ ಬರೆದಂಗೆ!)

ಇವರದ್ದು ಅಲ್ಲಿ ಬಾಲಾ ಅನ್ನೋ ಊರಿನ ಹತ್ರ ಕುರಿ ಸಾಕೋ ಮನೆತನ. ಸೋದರತ್ತೆ ಮನೆ ಇದ್ದಿದ್ದು ಕಾಪೆಲ್ ಕೆಲಿನ್‌ನಲ್ಲಿ. ಆ ಊರು ಈಗಿಲ್ಲ, ಲಿವರ್‌ಪೂಲ್ ನಗರಕ್ಕೆ ನೀರು ಬೇಕು ಅಂತ ಟ್ರವೆರಿನ್ ಕಣಿವೆಗೆ ಅಣೆಕಟ್ಟು ಕಟ್ಟಿ 1965ರಲ್ಲಿ ಮುಳುಗಿಸಿದ್ರು, ಶಾಲೆ, ಪೋಸ್ಟಾಫೀಸು, ಚಾಪೆಲ್ ಎಲ್ಲಾ. ಅದಕ್ಕೆ ಪಾರ್ಲಿಮೆಂಟಲ್ಲಿ 1957ರಲ್ಲಿ ಕಾಯ್ದೆ ಆದಾಗ ವೇಲ್ಸ್‌ನ ಒಬ್ಬ ಎಂಪಿನೂ ಪರವಾಗಿ ವೋಟ್ ಹಾಕಿರ್ಲಿಲ್ಲ, ಆದ್ರೂ ಪಾಸಾಯ್ತು. 2005ರಲ್ಲಿ ಲಿವರ್‌ಪೂಲ್ ಕೌನ್ಸಿಲ್ ಕ್ಷಮೆ ಕೇಳ್ತು. ಇದನ್ನ ಹೇಳುವಾಗ ತಾತ ಸಿಟ್ಟೇ ಮಾಡ್ಕೊಳ್ಳಲ್ಲ, ಅದೇ ನಂಗೆ ಕಷ್ಟ ಆಗೋದು. ಅತ್ತೆ ಮನೆ ಅಡುಗೆಮನೆ ಬಾಗಿಲು ಕೆಳಗಡೆ ಉಜ್ತಿತ್ತು, ಕಾಲಲ್ಲಿ ಒದ್ದೇ ತೆಗೀಬೇಕಿತ್ತು ಅಂತ ಹೇಳಿ, ಕೂತಲ್ಲೇ ಕಾಲು ಸ್ವಲ್ಪ ಎತ್ತಿ ತೋರಿಸ್ತಾರೆ.

ಎರಡು ಸಲ ಹೋಗಿ ಬಂದಿದ್ದಾರೆ. ಕೊನೇ ಸಲ ಬಾಲಾದ ಒಂದು ಅಂಗಡೀಲಿ ವೆಲ್ಷಲ್ಲಿ ಬ್ರೆಡ್ ಕೇಳಿದ್ರೆ ಅಲ್ಲಿದ್ದ ಹುಡುಗಿ “ನೀವು ನಮ್ಮಜ್ಜಿ ಥರ ಮಾತಾಡ್ತೀರ” ಅಂದ್ಳಂತೆ. ಇದನ್ನ ಮೂರ್ನಾಲ್ಕು ಸಲ ಹೇಳಿದ್ದಾರೆ, ಜಂಭಕ್ಕೋ ಬೇಜಾರಿಗೋ ಇವತ್ತಿಗೂ ಗೊತ್ತಾಗಿಲ್ಲ.

ನೆಟ್ಟಲ್ಲಿ ವೇಲ್ಸ್ ಅಂತ ಹುಡುಕಿದ್ರೆ ಸಾಕು ‘ಹಿರೈತ್’ ಅನ್ನೋ ಪದ ಬರುತ್ತೆ, ಊರಿನ ಹಂಬಲ ಅಂತ ಅರ್ಥ, ಬೇರೆ ಭಾಷೇಲಿ ಹೇಳೋಕೇ ಆಗಲ್ಲ ಅಂತ ಬಿಲ್ಡಪ್ಪು, ಕಾಫಿ ಮಗ್ಗು ದಿಂಬು ಎಲ್ಲದ್ರ ಮೇಲೂ ಅದೇ. ನಿಮ್ಗೂ ಅದು ಇದ್ಯಾ ಅಂತ ಒಂದಿನ ಕೇಳೇಬಿಟ್ಟೆ. “ಇಲ್ಲಪ್ಪ, ನಂಗಿರೋದು ಮೊಣಕಾಲು ನೋವು” ಅಂದ್ರು.

ಆದ್ರೆ ಅವ್ರ ಫೋನಲ್ಲಿ ವೆದರ್ ತೆಗೆದ್ರೆ ಮೊದಲು ಬರೋದು ಬಾಲಾ, ಮೆಲ್ಬರ್ನ್ ಎರಡನೇದು. ಕಳೆದ ಜುಲೈನಲ್ಲಿ, ಇಲ್ಲಿ ಗಡಗಡ ಚಳಿ, ನಾನು ಕಸದ ಡಬ್ಬಿ ಹೊರಗಿಡೋಕೆ ಹೋದ್ರೆ ತಾತ ಸ್ವೆಟರ್ ಹಾಕ್ಕೊಂಡು ಗೇಟ್ ಹತ್ರ ಫೋನ್ ನೋಡ್ತಾ ನಿಂತಿದ್ರು. ಅಲ್ಲಿ ನಾಲ್ಕು ದಿನ ಒಳ್ಳೇ ಬಿಸಿಲಿದ್ಯಂತೆ. “ಇವತ್ತೇ ಹುಲ್ಲು ಕೊಯ್ದುಬಿಡ್ಬೇಕು, ಶನಿವಾರಕ್ಕೆ ಮಳೆ” ಅಂದ್ರು. ಅವರ ಅಣ್ಣ ಆ ಜಮೀನು ಮಾರಿ ಇಪ್ಪತ್ತು ವರ್ಷದ ಮೇಲಾಯ್ತು.