ಭಜ್ಜಿ ಡೇಗಿನ ಸುತ್ತ ಕೂಡಿದ ಪಾಲಕರು

ಕಲಬುರಗಿ ಜಿಲ್ಲೆಯ ಆಳಂದ ಕಡೆಯ ನಮ್ಮ ಸರ್ಕಾರಿ ಶಾಲೆಯಲ್ಲಿ ಪಾಲಕರ ಸಭೆ ಎಂದರೆ ಖಾಲಿ ಜಮಖಾನ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ಮುಕ್ಕಾಲು ಪಾಲು ಪಾಲಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಣ್ಣುಮಕ್ಕಳು. ಕಾಗದದಲ್ಲಿ ಇದ್ದರು. ಠರಾವು ಪುಸ್ತಕ ಹಿಡಿದು ನಾವೇ ಅವರ ಮನೆಗೆ ಹೋಗಿ ಸಹಿ ಮಾಡಿಸಿಕೊಂಡು ಬರುತ್ತಿದ್ದೆವು, ಮುಚ್ಚಿಡುವುದೇನು.

ಒಂದು ವರ್ಷ ವಾರ್ಷಿಕೋತ್ಸವ ಜೋರಾಗಿ ಮಾಡಿ ನೋಡಿದೆವು. ಶಾಮಿಯಾನ, ಮೈಕ್‌ಸೆಟ್, ಶಾಲು, ಹಾರ. ಭಾಷಣಗಳು ಮುಗಿಯುವಷ್ಟರಲ್ಲಿ ತಾಯಂದಿರು ಕೂಸು ಎತ್ತಿಕೊಂಡು ಹಿಂದಿನಿಂದಲೇ ಎದ್ದು ಹೋಗಿದ್ದರು. ಕೂತು ಕೇಳುವುದು ಬಿಟ್ಟರೆ ಅವರಿಗೆ ನಾವು ಬೇರೆ ಕೆಲಸವನ್ನೇ ಇಟ್ಟಿರಲಿಲ್ಲ.

ಮರುವರ್ಷ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ ಹಬ್ಬ ಹಿಡಿದೆವು. ಹಬ್ಬದ ದಿನವೇ ಅಲ್ಲ, ಅವತ್ತು ಊರಿಗೆ ಊರೇ ಹೊಲದಲ್ಲಿ ಚರಗ (ಭೂಮಿತಾಯಿಗೆ ಎಡೆ) ಚೆಲ್ಲುತ್ತಿರುತ್ತದೆ. ಎರಡು ದಿನ ಮೊದಲು. ಹಬ್ಬದ ಭಜ್ಜಿಯನ್ನು, ಕಾಳು-ಸೊಪ್ಪು ಕೂಡಿಸಿ ಹುಣಸೆ ಹುಳಿ ಹಾಕಿ ಬೇಯಿಸುವ ಪಲ್ಯವನ್ನು, ಶಾಲೆಯಲ್ಲೇ ಮಾಡುವುದು. ಚೀಟಿಯಲ್ಲಿ ‘ತಪ್ಪದೆ ಹಾಜರಾಗಬೇಕು’ ಎಂದು ಬರೆಯದೆ, ಮನೆಮನೆಗೆ ಒಂದೊಂದು ಸಾಮಾನು ವಹಿಸಿದೆವು: ಒಬ್ಬರು ಹಸಿ ಕಡಲೆ, ಒಬ್ಬರು ಮೆಂತೆ ಸೊಪ್ಪು, ಲಂಬಾಣಿ ತಾಂಡಾದವರು ಹಸಿ ತೊಗರಿ. ಮುಸ್ಲಿಂ ಓಣಿಯಿಂದ ಮದುವೆ ಅಡುಗೆಯ ದೊಡ್ಡ ಪಾತ್ರೆ, ಡೇಗು, ಬಂತು. ಸಜ್ಜೆ ರೊಟ್ಟಿ ಬಡಿಯಲು ಅಜ್ಜಿಯರು ಕರೆಯುವ ಮೊದಲೇ ಕೂತಿದ್ದರು. ಗಂಡಸರು ಊಟದ ಹೊತ್ತಿಗೆ ಸರಿಯಾಗಿ ಬಂದರು, ಅದು ಬೇರೆ ಮಾತು.

ಗೇಟು ದಾಟಿ ಎಂದೂ ಒಳಗೆ ಬರದಿದ್ದ ತಾಂಡಾದ ತಾಯಿಯೊಬ್ಬಳು ಸೌಟಿನಿಂದ ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿ, “ಹುಣಸಿ ಹುಳಿ ಸಾಲಲ್ರಿ ಸರ್” ಅಂದಳು. ಆಕೆಯ ಮಗಳು ಐದನೇ ತರಗತಿ. ವಾರಕ್ಕೆ ಎರಡು-ಮೂರು ದಿನ ಗೈರು. ರಿಜಿಸ್ಟರಿನಲ್ಲಿ ನಾನು ‘ಪಾಲಕರ ನಿರ್ಲಕ್ಷ್ಯ’ ಎಂದು ಬರೆದಿದ್ದೆ. ಹುಳಿ ಕಿವುಚುತ್ತಲೇ ಆಕೆ ಹೇಳಿದಳು: “ನಾ ಹತ್ತಿ ಬಿಡಿಸಲಕ್ಕ ಹೋದ್ರ ಸಣ್ಣ ಕೂಸಿಗಿ ಯಾರು ಹಿಡಿಬೇಕ್ರಿ?” ನಾನು ಏನು ಹೇಳಲಿ ಎಂದು ನಿಂತೆ. ಪಕ್ಕದಲ್ಲಿ ಕಡಲೆ ಸುಲಿಯುತ್ತಿದ್ದವಳು ತಲೆ ಎತ್ತದೆ, “ನಮ್ಮ ಮನಿಯಾಗ ಬಿಟ್ಟು ಹೋಗವ್ವ, ಮುದುಕಿ ಇರ್ತಾಳ” ಅಂದಳು. ಹುಡುಗಿಯ ಗೈರು ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ. ಆ ಷರಾವನ್ನು ನಾನು ಹೊಡೆದು ಹಾಕಿದೆ.

ಮುಂದಿನ ಎಸ್‌ಡಿಎಂಸಿ ಸಭೆಗೆ ಹೆಣ್ಣುಮಕ್ಕಳು ತಾವಾಗಿಯೇ ಬಂದರು. ಕೂತವರೇ ಕೇಳಿದ್ದು, ಹುಡುಗಿಯರ ಶೌಚಾಲಯಕ್ಕೆ ಒಳಚಿಲಕ ಯಾಕಿಲ್ಲ ಎಂದು. ಮೂರು ವರ್ಷದಿಂದ ಇರಲಿಲ್ಲ. ಅಂದೇ ಸಂಜೆ ಆಳಂದಕ್ಕೆ ಹೋಗಿ ಚಿಲಕ ತಂದೆ.