ಪಂದ್ಯದ ತುಣುಕು ಬಿಡಿ, ವಿಶ್ಲೇಷಣೆ ಹಿಡಿಯಿರಿ

ದೊಡ್ಡ ಕ್ರೀಡಾಕೂಟ ಬಂತೆಂದರೆ ಯೂಟ್ಯೂಬ್ ಚಾನೆಲ್‌ನಿಂದ ಹಣ ಮಾಡಹೊರಟ ಹೊಸಬರು ಮೊದಲು ಮಾಡುವ ತಪ್ಪು, ಟಿವಿಯಲ್ಲಿ ಬಂದ ಗೋಲು ಅಥವಾ ಸಿಕ್ಸರ್ ಕತ್ತರಿಸಿ ಹಾಕುವುದು. ಬೇರೆಯವರ ದೃಶ್ಯವನ್ನು ತಾನಾಗಿ ಗುರುತಿಸುವ ಯೂಟ್ಯೂಬ್‌ನ ವ್ಯವಸ್ಥೆ ಕಂಟೆಂಟ್ ಐಡಿ ಅದನ್ನು ಹಿಡಿದರೆ, ಸಾಮಾನ್ಯವಾಗಿ ಜಾಹೀರಾತಿನ ಹಣ ಪ್ರಸಾರ ಹಕ್ಕುದಾರರಿಗೆ ಹೋಗುತ್ತದೆ, ಇಲ್ಲವೇ ವಿಡಿಯೊವೇ ಕಾಣದಾಗುತ್ತದೆ. ಹಕ್ಕುದಾರರು ನೇರವಾಗಿ ದೂರು ಕೊಟ್ಟು ತೆಗೆಸಿದರೆ ಸ್ಟ್ರೈಕ್, ಅಂದರೆ ಹಕ್ಕುಸ್ವಾಮ್ಯ ಉಲ್ಲಂಘನೆಯ ಎಚ್ಚರಿಕೆ, ಬೀಳುತ್ತದೆ. 90 ದಿನಗಳೊಳಗೆ ಮೂರು ಸ್ಟ್ರೈಕ್ ಬಂದರೆ ಚಾನೆಲ್ಲೇ ಹೋಗಬಹುದು. ಮೂರು ಸೆಕೆಂಡ್ ಬಳಸಿದರೆ ಪರವಾಗಿಲ್ಲ ಎನ್ನುವುದು ಬರೀ ನಂಬಿಕೆ, ಅಂಥ ನಿಯಮವೇ ಇಲ್ಲ.

ಬದಲಿಗೆ ಮೈದಾನದ ನಕ್ಷೆ ಬರೆದು ತಂತ್ರ ವಿವರಿಸಿ. ಅಂಕಿಅಂಶಗಳನ್ನು ನೀವೇ ಬರೆದ ಚಾರ್ಟ್‌ನಲ್ಲಿ ತೋರಿಸಿ. ಎಂಟು ನಿಮಿಷ ದಾಟಿದ ವಿಡಿಯೊದಲ್ಲಿ ನಡುವೆಯೂ ಜಾಹೀರಾತು ಹಾಕಬಹುದು, ಆದರೆ ಅದಕ್ಕಾಗಿ ಎಳೆದರೆ ನೋಡುಗರು ಎದ್ದು ಹೋಗುತ್ತಾರೆ.

ತಯಾರಿ ಬೇಗ ಶುರುವಾಗಬೇಕು. ಜಾಹೀರಾತಿನ ಪಾಲು ಸಿಗಲು 1,000 ಚಂದಾದಾರರ ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ, ಅಥವಾ 90 ದಿನಗಳಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಬೇಕು. ಈ ಪಾಲಿಗಾಗಿ ಯೂಟ್ಯೂಬ್‌ಗೆ ಹಾಕುವ ಅರ್ಜಿಯ ಪರಿಶೀಲನೆಗೇ ಸುಮಾರು ಒಂದು ತಿಂಗಳು ಹಿಡಿಯಬಹುದು. ಕೂಟ ಶುರುವಾದ ಮೇಲೆ ಅರ್ಜಿ ಹಾಕಿದರೆ ಹಬ್ಬ ಮುಗಿದಿರುತ್ತದೆ!

ತಂಡಗಳ ಪರಿಚಯ, ನಿಯಮಗಳ ವಿವರಣೆಯಂಥವನ್ನು ಮೊದಲ ಪಂದ್ಯಕ್ಕೆ ಎರಡು ಮೂರು ವಾರ ಮುಂಚೆಯೇ ಹಾಕಿಬಿಡಿ. ಹುಡುಕಾಟ ಏರುವಷ್ಟರಲ್ಲಿ ಅವು ಅಲ್ಲಿರಬೇಕು. ಪ್ರಾಯೋಜಕರಿದ್ದರೆ ಹಣ ಪಡೆದದ್ದನ್ನು ತಿಳಿಸಿ. ವಿಡಿಯೊದ ಮುಖಚಿತ್ರದಲ್ಲಾಗಲಿ ಮಾರುವ ಟೀಶರ್ಟಿನ ಮೇಲಾಗಲಿ ಕೂಟದ ಅಧಿಕೃತ ಲಾಂಛನ ಬಳಸಬೇಡಿ. ಅಂಥ ಟೀಶರ್ಟನ್ನು ಮಾರಾಟಕ್ಕೆ ಇಟ್ಟರೆ ಟ್ರೇಡ್‌ಮಾರ್ಕ್ ನೋಟಿಸು ಬರಬಹುದು.